ಇಂಗಾಲದ ಹೊಣೆ: ಹವಾಮಾನ ವಿವಾದದ ಇತಿಹಾಸ ಮತ್ತು ತುಮಕೂರು ಸೀಮೆ

ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದೇಕೆ, ಅದನ್ನು ತಗ್ಗಿಸುವ ಹೊರೆ ಯಾರು ಹೊರಬೇಕು ಎಂಬ ಎರಡು ಪ್ರಶ್ನೆಗಳ ಸುತ್ತ ಹವಾಮಾನ ರಾಜಕೀಯ ಬೆಳೆದಿದೆ. ಮೊದಲನೆಯದಕ್ಕೆ ವಿಜ್ಞಾನ ಉತ್ತರ ಕೊಟ್ಟು ದಶಕಗಳೇ ಕಳೆದಿವೆ. ಎರಡನೆಯದು ಇನ್ನೂ ಬಗೆಹರಿದಿಲ್ಲ.

ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆಂದು ಸ್ವೀಡನ್ನಿನ ಸ್ವಾಂಟೆ ಅರೀನಿಯಸ್ 1896ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 315 ಈ ಅನಿಲದವಾಗಿದ್ದವು. ಈಗ 420 ದಾಟಿವೆ. ಕೈಗಾರಿಕಾ ಯುಗಕ್ಕೆ ಮೊದಲು ಇದ್ದದ್ದು 280ರ ಆಸುಪಾಸು. ಜ್ವಾಲಾಮುಖಿ, ಸಮುದ್ರಗಳೇ ಇದನ್ನು ಉಗುಳುತ್ತಿವೆ ಎಂಬ ವಾದ ಆಗಾಗ ತಲೆಯೆತ್ತುತ್ತದೆ. ಗಾಳಿಯಲ್ಲಿರುವ ಇಂಗಾಲವೇ ಅದಕ್ಕೆ ಉತ್ತರ ಹೇಳುತ್ತದೆ. ಗಿಡಮರಗಳು ಹಗುರವಾದ ಇಂಗಾಲ-12ನ್ನೇ ಹೆಚ್ಚಾಗಿ ಹೀರಿಕೊಳ್ಳುತ್ತವೆ. ಆ ಗಿಡಮರಗಳು ಹೂತು ಆದದ್ದು ಕಲ್ಲಿದ್ದಲು. ಅದನ್ನು ಸುಟ್ಟಷ್ಟೂ ಗಾಳಿಯಲ್ಲಿ ಭಾರವಾದ ಇಂಗಾಲ-13ರ ಪಾಲು ಇಳಿಯುತ್ತದೆ, ಹಾಗೆಯೇ ಇಳಿಯುತ್ತಿದೆ. ಸುಡುವಾಗ ಬಳಕೆಯಾಗುವ ಆಮ್ಲಜನಕವೂ ಅಳತೆಗೆ ಸಿಗುವಷ್ಟು ಕಡಿಮೆಯಾಗುತ್ತಿದೆ. ಸಮುದ್ರವಂತೂ ಈ ಅನಿಲವನ್ನು ಹೊರಬಿಡುವುದಕ್ಕಿಂತ ಹೆಚ್ಚಾಗಿ ಹೀರಿಕೊಂಡು ಆಮ್ಲೀಯವಾಗುತ್ತಿದೆ.

ತಾಪಮಾನ ಏರಿಕೆಯ ಕಾರಣದ ಬಗ್ಗೆ ಭಾರತದಲ್ಲಿ ಎದ್ದ ಗಂಭೀರ ಆಕ್ಷೇಪವೊಂದು ಕನ್ನಡಿಗ ವಿಜ್ಞಾನಿಯೊಬ್ಬರದು. ಇಸ್ರೊ ಮಾಜಿ ಅಧ್ಯಕ್ಷ, ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ 2011ರ ಜನವರಿಯಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ಕಡಿಮೆಯಾದಂತೆ, ಬಿಸಿಲು ತಡೆಯುವ ಕೆಳಮಟ್ಟದ ಮೋಡಗಳೂ ಕಡಿಮೆಯಾಗುತ್ತವೆ, ತಾಪಮಾನ ಏರಿಕೆಯಲ್ಲಿ ಇದರ ಪಾಲು ದೊಡ್ಡದು ಎಂಬುದು ಅವರ ವಾದ. ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಇದನ್ನು ಸಾರ್ವಜನಿಕ ಚರ್ಚೆಗೆ ಬಿಟ್ಟಾಗ ಅದಕ್ಕೆ ರಾಜಕೀಯ ತೂಕವೂ ಬಂತು. ಕಾಸ್ಮಿಕ್ ಕಿರಣಗಳ ಅಧ್ಯಯನದಲ್ಲಿ ರಾವ್ ಅವರ ಅಧಿಕಾರ ಪ್ರಶ್ನಾತೀತ. ಆದರೆ ತಾಪಮಾನ ಭರದಿಂದ ಏರಿದ 1970ರ ನಂತರದ ದಶಕಗಳಲ್ಲಿ ಆ ಕಿರಣಗಳು ಅದಕ್ಕೆ ತಕ್ಕಂತೆ ಇಳಿದಿಲ್ಲ. ಮೋಡಗಳ ಮೇಲೆ ಅವುಗಳ ಪರಿಣಾಮ ಅಲ್ಪವೆಂದು ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ಪ್ರಯೋಗಗಳೂ ಮುಂದೆ ತೋರಿಸಿದವು. ಹೀಗಾಗಿ ರಾವ್ ಅವರ ವಾದ ಊರ್ಜಿತವಾಗಲಿಲ್ಲ.

ಹೊಣೆಯ ಪ್ರಶ್ನೆಯಲ್ಲಿ ಭಾರತದ ನಿಲುವು ಹೆಚ್ಚು ಗಟ್ಟಿ. ಅಮೆರಿಕದ ಸಂಸ್ಥೆಯೊಂದು ಭತ್ತದ ಗದ್ದೆ, ದನಕರುಗಳಿಂದ ಬರುವ ಮೀಥೇನ್ ಅನಿಲವನ್ನೂ ಎಣಿಸಿ ಭಾರತವನ್ನು ದೊಡ್ಡ ಮಾಲಿನ್ಯಕಾರರ ಪಟ್ಟಿಗೆ ಸೇರಿಸಿದಾಗ, ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಅದನ್ನು ಖಂಡಿಸಿದರು. ಹೊಟ್ಟೆಪಾಡಿನ ಅನಿಲವನ್ನೂ ಐಷಾರಾಮದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದರು. 1992ರ ವಿಶ್ವಸಂಸ್ಥೆ ಹವಾಮಾನ ಒಪ್ಪಂದ 'ಎಲ್ಲರ ಹೊಣೆ, ಭಿನ್ನ ಪ್ರಮಾಣ' ಎಂಬ ತತ್ವವನ್ನು ಒಪ್ಪಿತು. ಇಂದಿಗೂ ಭಾರತೀಯನೊಬ್ಬನ ವಾರ್ಷಿಕ ಪಾಲು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್, ಅಮೆರಿಕನ್ನನದು ಅದರ ಆರೇಳು ಪಟ್ಟು. ಆದರೂ 2015ರ ಪ್ಯಾರಿಸ್ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. 2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ ತಲುಪುವುದಾಗಿ 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿತು.

ಈ ಮಾತುಗಳು ನೆಲಕ್ಕಿಳಿದ ಜಾಗಗಳಲ್ಲಿ ತುಮಕೂರು ಜಿಲ್ಲೆ ಮುಖ್ಯ. 1988ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯಿಂದ ಅನಿಲ ತೆಗೆದು ದೀಪ ಬೆಳಗಿಸಿ, ನೀರೆತ್ತುವ ಸಣ್ಣ ಘಟಕ ಸ್ಥಾಪಿಸಿತ್ತು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಯೋಜನೆಯ ಪ್ರಮಾಣವೇ ಬೇರೆ. ಮಳೆ ಕೈಕೊಟ್ಟು, ಶೇಂಗಾ ಒಣಗಿ, ಜನ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 'ಶಕ್ತಿ ಸ್ಥಳ' ಸೌರ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಕೊನೆಗೆ ಅದು 2,050 ಮೆಗಾವಾಟ್ ಮುಟ್ಟಿತು. ಭೂಸ್ವಾಧೀನ ಮಾಡದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಇಲ್ಲಿನ ಹೊಸತನ. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ.

ಅನ್ಯಾಯವೂ ಅಲ್ಲೇ ಇದೆ. ಪಹಣಿ ಇದ್ದವರಿಗೆ ಬಾಡಿಗೆ ಬಂತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೆ ಕೆಲಸ ಹೋಯಿತು, ಕುರಿಗಾಹಿಗಳಿಗೆ ಮೇವಿನ ಬಯಲು ತಪ್ಪಿತು. ಫಲಕ ಒರೆಸುವ, ಕಳೆ ಕೀಳುವ, ಕಾವಲು ಕಾಯುವ ಕೆಲಸಗಳು ಎಲ್ಲರಿಗೂ ಸಾಲಲಿಲ್ಲ. ಕುರಿಗಾಹಿಗಳ ಬಯಲಿನಂತೆ ಕಾಗದದಲ್ಲಿ 'ಬೀಳು' ಎನಿಸಿಕೊಳ್ಳುವ ನೆಲ ನಿಜಕ್ಕೂ ಬರಿದಾಗಿರುವುದಿಲ್ಲ ಎಂಬುದಕ್ಕೆ ಜಿಲ್ಲೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣವೇ ಸಾಕ್ಷಿ: ಅಲ್ಲಿನ ಕುರುಚಲು ಕಾಡು ಚಿಂಕಾರ ಎಂಬ ಹುಲ್ಲೆಗಳ ನೆಲೆ. 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಪ್ರದೇಶವನ್ನು ಚಿಂಕಾರ ವನ್ಯಜೀವಿಧಾಮವೆಂದು ರಾಜ್ಯ ಸರ್ಕಾರ ಘೋಷಿಸಿತು. ಶ್ರೀಮಂತ ದೇಶಗಳ ಮುಂದೆ ಭಾರತ ಇಟ್ಟ ನ್ಯಾಯದ ಬೇಡಿಕೆಯನ್ನು ಪಾವಗಡದ ಕೂಲಿಕಾರರು ತಮ್ಮ ಸರ್ಕಾರದ ಮುಂದಿಟ್ಟರೆ ಅದು ಅಷ್ಟೇ ಸಾಧು. ಏಕೆಂದರೆ ಗುತ್ತಿಗೆಯ ಕರಾರಿನಲ್ಲಿ ಪಾಲಿರುವುದು ಭೂಮಾಲೀಕರಿಗೆ ಮಾತ್ರ.