ಮಳೆಯ ಪಾಲು, ಕೊಡಲಿಯ ಪಾಲು: ಪಶ್ಚಿಮಘಟ್ಟದ ಸಸ್ಯ ಅಧ್ಯಯನ ಬೆಳೆದ ಬಗೆ

ಪಶ್ಚಿಮಘಟ್ಟದ ಸಸ್ಯಗಳ ಬಗ್ಗೆ ಈಚೆಗೆ ನಡೆಯುವ ವಿಚಾರ ಸಂಕಿರಣಗಳಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಸಿಗತೊಡಗಿದೆ. ಅಪ್ಪೆಮಿಡಿ ಮರ ಕಡಿಮೆಯಾಯಿತೇ, ಹವಾಮಾನ ಬದಲಾವಣೆ. ಲಂಟಾನ ಹಬ್ಬಿತೇ, ಹವಾಮಾನ ಬದಲಾವಣೆ. ರಾಮಪತ್ರೆಯ ಜೌಗು ಒಣಗಿತೇ, ಅದಕ್ಕೂ ಅದೇ. ಭೂಮಿ ಬಿಸಿಯೇರುತ್ತಿರುವುದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಆದರೆ ಹೊಳೆದಂಡೆಯ ಅಪ್ಪೆಮರದ ಕೊಂಬೆ ಕಡಿದು ಮಿಡಿ ಇಳಿಸಿದ್ದು ಮಳೆಯಲ್ಲ, ಜೌಗಿನ ನೀರನ್ನು ಅಡಿಕೆ ತೋಟಕ್ಕೆ ತಿರುಗಿಸಿದ್ದು ಬಿಸಿಲಲ್ಲ. ಹವಾಮಾನದ ಪಾಲೆಷ್ಟು, ಮನುಷ್ಯನ ಪಾಲೆಷ್ಟು ಎಂದು ಬಿಡಿಸಿ ನೋಡುವುದನ್ನು ಈ ಕ್ಷೇತ್ರ ಬಹಳ ಕಷ್ಟಪಟ್ಟು ಕಲಿತಿದೆ. ಆ ಕಲಿಕೆ ಈಗ ಮರೆಯಾಗುತ್ತಿರುವುದರಿಂದ ಈ ಸಮೀಕ್ಷೆ.

ಮೊದಲ ಘಟ್ಟ ಹೆಸರಿಡುವ ಕಾಲ. ವಾನ್ ರೀಡ್‌ನ ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ (1678-1693), 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಬುಕಾನನ್‌ನ ಪ್ರವಾಸ ಕಥನ, ಹೂಕರ್‌ನ ಏಳು ಸಂಪುಟಗಳ ಭಾರತದ ಸಸ್ಯ ಗ್ರಂಥ, ಅನಂತರ ಕುಕ್, ಟಾಲ್ಬಾಟ್, ಗ್ಯಾಂಬಲ್. ಇವರಿಲ್ಲದೆ ನಮಗೆ ಗಿಡಗಳ ಹೆಸರೇ ಇರುತ್ತಿರಲಿಲ್ಲ. ಆದರೂ ಅವರ ಕಾಲದ ಸರ್ಕಾರಕ್ಕೆ ಕಾಡೆಂದರೆ ಮೊದಲು ಮರಮುಟ್ಟು. ಕಾಡು ಕಡಿದು ಸುಟ್ಟು ಬೆಳೆಯುವ ಕುಮರಿ ಬೇಸಾಯಗಾರನೇ ಕಾಡಿನ ಶತ್ರು ಎಂಬ ತೀರ್ಪು ಹುಟ್ಟಿದ್ದೂ ಆಗಲೇ. ಅದೇ ಸರ್ಕಾರ ಕಾಡು ಸವರಿ ತೇಗ ನೆಟ್ಟದ್ದನ್ನು ಯಾರೂ ನಾಶವೆಂದು ಬರೆದಿಡಲಿಲ್ಲ.

ಸ್ವಾತಂತ್ರ್ಯದ ನಂತರ ಕರ್ನಾಟಕದ ಸಸ್ಯಶಾಸ್ತ್ರ ತನ್ನ ಕಾಲ ಮೇಲೆ ನಿಂತದ್ದು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಿಸಿಲ್ ಸಲ್ಡಾನಾ ಅವರಿಂದ. ಡ್ಯಾನ್ ನಿಕಲ್ಸನ್ ಜತೆ ಅವರು ತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ (1976) ಒಂದು ಮೇಲ್ಪಂಕ್ತಿಯಾಯಿತು. ಅದರ ಹಿಂದೆಯೇ ಮೈಸೂರು, ಚಿಕ್ಕಮಗಳೂರು ಜಿಲ್ಲೆಗಳ ಗ್ರಂಥಗಳು, 2003ರಲ್ಲಿ ಕೆ. ಗೋಪಾಲಕೃಷ್ಣ ಭಟ್ಟರ ಉಡುಪಿ ಜಿಲ್ಲೆಯ ಗ್ರಂಥ ಬಂದವು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪ್ರಕಟವಾದದ್ದೂ 1976ರಲ್ಲೇ. ನಮ್ಮಲ್ಲಿ ಎಷ್ಟೋ ಮಂದಿಯನ್ನು ಕಾಡಿಗೆ ಕಳಿಸಿದ ಪುಸ್ತಕ ಅದು. ಜಿಲ್ಲಾ ಗ್ರಂಥಗಳ ಹಿಂದಿರುವ, ಒತ್ತಿ ಒಣಗಿಸಿ ದಿನಾಂಕ, ಊರು ಬರೆದಿಟ್ಟ ಒಂದು ಗಿಡದ ಹಾಳೆಯ ಬೆಲೆ ಹವಾಮಾನದ ಪ್ರಶ್ನೆ ಎದ್ದಾಗ ಗೊತ್ತಾಗುತ್ತದೆ: ಆ ಗಿಡ ಎಲ್ಲಿತ್ತು, ಯಾವ ತಿಂಗಳು ಹೂಬಿಟ್ಟಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿಯೇ ಇಲ್ಲ.

ಎಲ್ಲಿದೆ ಎಂಬುದರಿಂದ ಏಕಿದೆ ಎಂಬುದಕ್ಕೆ ನಮ್ಮನ್ನು ಕರೆದೊಯ್ದದ್ದು ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್. 1980ರ ದಶಕದಲ್ಲಿ ಪಾಸ್ಕಲ್ ಮತ್ತು ಸಂಗಡಿಗರು ಘಟ್ಟದ ಕಾಡುಗಳ ನಕ್ಷೆ ಬರೆದಾಗ ಒಂದು ಸರಳ ಸತ್ಯ ಎದ್ದು ಕಂಡಿತು. ನಿತ್ಯಹರಿದ್ವರ್ಣ ಕಾಡಿನ ಹಣೆಬರಹ ಬರೆಯುವುದು ಒಟ್ಟು ಎಷ್ಟು ಮಳೆ ಬಿತ್ತು ಎನ್ನುವುದಕ್ಕಿಂತ ಎಷ್ಟು ತಿಂಗಳು ಮಳೆಯಿಲ್ಲ ಎನ್ನುವುದು. ದಕ್ಷಿಣದಿಂದ ಉತ್ತರಕ್ಕೆ ಹೋದಂತೆ ಒಣ ತಿಂಗಳುಗಳು ಹೆಚ್ಚುತ್ತವೆ, ಘಟ್ಟದಲ್ಲಿ ಮಾತ್ರ ಬೆಳೆಯುವ ಮರಗಳ ಬಗೆಗಳು ಕಡಿಮೆಯಾಗುತ್ತವೆ. ಆಗುಂಬೆಯಲ್ಲಿ ಅಷ್ಟು ಮಳೆ ಸುರಿದರೂ ಕೇರಳದ ದಕ್ಷಿಣ ತುದಿಯಲ್ಲಿರುವಷ್ಟು ಬಗೆಗಳು ಇಲ್ಲದಿರುವುದು ಇದರಿಂದಲೇ. ‘ಮಳೆ ಜಾಸ್ತಿಯಾದರೆ ಕಾಡಿಗೆ ಒಳ್ಳೆಯದು’ ಎಂದು ಈಗಲೂ ಹೇಳುವವರು ಇದನ್ನು ಗಮನಿಸಬೇಕು. ಅದೇ ಸಂಸ್ಥೆ 1990ರ ಹೊತ್ತಿಗೆ ಕೊಡಗಿನ ಉಪ್ಪಂಗಳದಲ್ಲಿ ಶಾಶ್ವತ ಅಧ್ಯಯನ ತಾಕು ಹಾಕಿತು. ಮರ ಆಯ್ದು ಕಡಿದ ಕಾಡನ್ನೂ ಕಡಿಯದ ಕಾಡನ್ನೂ ಅಲ್ಲಿ ಪಕ್ಕಪಕ್ಕದಲ್ಲೇ ಅಳೆಯಬಹುದು. ಅಲ್ಲಿ ಎರಡೂ ಕಡೆ ಬೀಳುವ ಮಳೆ ಒಂದೇ. ಹಾಗಾಗಿ ಎರಡರ ನಡುವೆ ಕಂಡ ವ್ಯತ್ಯಾಸವನ್ನು ಕೊಡಲಿಯ ಲೆಕ್ಕಕ್ಕೇ ಬರೆಯಬೇಕಾಗುತ್ತದೆ.

ಇದೇ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು ಕಟ್ಟಿದ ಪರಂಪರೆ ಮನುಷ್ಯನನ್ನು ಲೆಕ್ಕದೊಳಗೆ ತಂದಿತು. ದೇವರಕಾಡುಗಳ ಬಗ್ಗೆ ವರ್ತಕ್ ಜತೆ 1976ರಲ್ಲಿ ಬರೆದ ಲೇಖನವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಅವರೂ ಎಸ್.ಎನ್. ಪ್ರಸಾದರೂ ಉತ್ತರ ಕನ್ನಡದಲ್ಲಿ ಮಾಡಿದ ಬಿದಿರಿನ ಅಧ್ಯಯನ. ಕಾಗದದ ಕಾರ್ಖಾನೆಗೆ ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದ ಮುಳ್ಳನ್ನು ಸವರುತ್ತಿದ್ದರು. ಬುಡ ಬಯಲಾದ ಕೂಡಲೇ ಕಳಲೆ ದನಗಳ ಬಾಯಿಗೆ, ಕಾಡುಪ್ರಾಣಿಗಳ ಬಾಯಿಗೆ ಸಿಕ್ಕಿತು. ಮುಳ್ಳು ಕಳಲೆಯನ್ನು ಕಾಯುತ್ತದೆಂದು ಊರಿನವರಿಗೆ ಮೊದಲೇ ಗೊತ್ತಿತ್ತು, ಕಾಡು ನಿರ್ವಹಿಸುವವರು ಅವರನ್ನು ಕೇಳಿರಲಿಲ್ಲ. ಒಂದು ಸಸ್ಯ ಯಾವ ಕೈಯಿಂದ, ಯಾವ ಹಂತದಲ್ಲಿ ಕ್ಷೀಣಿಸಿತು ಎಂದು ಇಷ್ಟು ನಿಖರವಾಗಿ ತೋರಿಸಿದ ಅಧ್ಯಯನ ನಮ್ಮಲ್ಲಿ ಇನ್ನೊಂದಿಲ್ಲ.

ಅದೇ ಸಂಸ್ಥೆಯ ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಮುದುಮಲೈಯ 50 ಹೆಕ್ಟೇರಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಮರಗಿಡಗಳಿಗೆ ಸಂಖ್ಯೆ ಕೊಟ್ಟು ವರ್ಷವರ್ಷವೂ ಎಣಿಸತೊಡಗಿದರು. ಎಳೆಯ ಗಿಡಗಳನ್ನು ಕೊಂದದ್ದು ಹೆಚ್ಚಾಗಿ ಬೆಂಕಿ ಮತ್ತು ಆನೆ. ಬರದ ಪೆಟ್ಟು ಮಾತ್ರ ಬರ ಮುಗಿದ ಮೇಲೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಮೂರು ವರ್ಷದ ಯೋಜನೆಯಲ್ಲಿ ಇದು ಸಿಕ್ಕುವ ತಿಳಿವಳಿಕೆಯಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟ ವಾದ ನಡೆದದ್ದು ಸಮುದ್ರದ ಕೆಸರಿನ ಸುತ್ತ. ಕಾರವಾರದ ಆಚೆ ಕಡಲತಳದಿಂದ ತೆಗೆದ ಮಣ್ಣಿನ ಪರಾಗ ಓದಿದ ಕಾರಾತಿನಿ ಮತ್ತು ಸಂಗಡಿಗರು, ಸುಮಾರು 3,500 ವರ್ಷಗಳ ಹಿಂದೆ ಘಟ್ಟದ ಹಸಿರು ಕಾಡು ಹಿಂಜರಿದು ಹುಲ್ಲು ಮುಂದೆ ಬಂತು, ಹವೆ ಒಣಗಿದ್ದೇ ಕಾರಣ ಎಂದು 1994ರಲ್ಲಿ ಬರೆದರು. ಕುಮಟಾದ ಎಂ.ಡಿ. ಸುಭಾಷ್ ಚಂದ್ರನ್ 1997ರಲ್ಲಿ ಘಟ್ಟದ ಪರಿಸರ ಚರಿತ್ರೆ ಬರೆಯುತ್ತ ಕುಮರಿ ಬೇಸಾಯದವರ ಕೊಡಲಿಯನ್ನೂ ಬೆಂಕಿಯನ್ನೂ ಆ ಕಥೆಯೊಳಗೆ ತಂದರು. ಆ ಜನರೇ ಕಾನು ಎಂಬ ಹಸಿರು ಕಾಡುಗಳನ್ನು ದೇವರ ಹೆಸರಲ್ಲಿ ಉಳಿಸಿದರು ಎಂಬುದನ್ನೂ ಸೇರಿಸಿದರು. ಈ ಜಗಳದಲ್ಲಿ ಗೆದ್ದವರು ಯಾರು ಎಂದು ಕೇಳುವುದು ವ್ಯರ್ಥ. ಒಣಗಿದ ಕಾಡಿಗೆ ಬೆಂಕಿ ಬೇಗ ಹತ್ತುತ್ತದೆ, ಸುಟ್ಟ ಕಾಡು ಬೇಗ ಒಣಗುತ್ತದೆ. ಆಮೇಲೆ ಚಂದ್ರನ್ ಅವರೇ ತೋರಿಸಿದ ಉತ್ತರ ಕನ್ನಡದ ಕತ್ತಲೆಕಾನಿನ ಜೌಗುಗಳನ್ನು ನೋಡಿ. 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ, ಆ ಊರಿನ ಹೆಸರನ್ನೇ ಹೊತ್ತ ಸೆಮಿಕಾರ್ಪಸ್ ಮರ ಉಳಿದಿರುವುದು ಅಂಥ ಕೆಲವೇ ನೀರಿನ ಮಡಿಲುಗಳಲ್ಲಿ.

ನೀಲಗಿರಿಯ ಜೌಗುಮಣ್ಣಿನ ಇಂಗಾಲದ ಸಮಸ್ಥಾನಿಗಳನ್ನು ಅಳೆದು ಸುಕುಮಾರ್, ಆರ್. ರಮೇಶ್ ಮೊದಲಾದವರು 1993ರಲ್ಲಿ ಇನ್ನೊಂದನ್ನು ತೋರಿಸಿದರು: ಶೋಲಾ ಕಾಡು ಮತ್ತು ಹುಲ್ಲುಗಾವಲು 20,000 ವರ್ಷಗಳಿಂದ ಹವೆಯ ಜತೆ ಹಿಗ್ಗುತ್ತ ಕುಗ್ಗುತ್ತ ಬಂದಿವೆ. ಮನುಷ್ಯ ಕಡಿದು ಹಾಕಿದ ಕಾಡಿನ ಅವಶೇಷವೇ ಹುಲ್ಲುಗಾವಲು ಎಂಬ ನಂಬಿಕೆ ಅಲ್ಲಿಗೆ ಮುರಿಯಬೇಕಿತ್ತು, ಮುರಿಯಲಿಲ್ಲ.

ಇನ್ನು ಲಂಟಾನದ ವಿಷಯ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ನೋಡಿದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಕಂಡ ತಾಕುಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಸೋಲಿಗರು ಕೊಡುವ ಕಾರಣ ಸ್ಪಷ್ಟ. ಹಿಂದೆ ಬೇಸಿಗೆ ಬಲಿಯುವ ಮೊದಲೇ ಅವರು ತರಗು ಬೆಂಕಿ ಹಾಕುತ್ತಿದ್ದರು. ನೆಲದ ಒಣ ಎಲೆಯಷ್ಟೇ ಉರಿದು ಹೋಗುತ್ತಿತ್ತು, ಲಂಟಾನದ ಸಸಿಯೂ ನೆಲ್ಲಿಮರದ ಮೇಲಿನ ಉಪ್ಪಿಲು ಎಂಬ ಪರಾವಲಂಬಿ ಗಿಡವೂ ಹದ್ದುಬಸ್ತಿನಲ್ಲಿರುತ್ತಿದ್ದವು. 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಕೆಲವು ಸಂಶೋಧಕರು ಸೋಲಿಗರ ಜತೆ ಕೂತು ಇದನ್ನು ದಾಖಲಿಸಿದ್ದಾರೆ. ಆದರೆ ತರಗು ಬೆಂಕಿಯನ್ನು ವರ್ಷಗಟ್ಟಲೆ ಹಾಕಿ ಪರೀಕ್ಷಿಸಲು ಬೇಕಾದ ಅನುಮತಿ ಮತ್ತು ಧೈರ್ಯ ನಮ್ಮ ವ್ಯವಸ್ಥೆಗೆ ಇನ್ನೂ ಬಂದಿಲ್ಲ.

ಈಗಿನದು ಕಂಪ್ಯೂಟರ್ ಮಾದರಿಗಳ ಕಾಲ. ರವೀಂದ್ರನಾಥ್ ಮತ್ತು ಸಂಗಡಿಗರ 2006ರ ಅಂದಾಜಿನಂತೆ, ಹಸಿರುಮನೆ ಅನಿಲಗಳ ಉಗುಳುವಿಕೆ ಹೆಚ್ಚಿದರೆ ಈ ಶತಮಾನದ ಕೊನೆಗೆ ದೇಶದ ಅರಣ್ಯ ಚೌಕಗಳಲ್ಲಿ 77 ಪ್ರತಿಶತದ ಕಾಡಿನ ಬಗೆಯೇ ಬದಲಾಗಬಹುದು. ನೀತಿ ರೂಪಿಸುವವರನ್ನು ಎಚ್ಚರಿಸಿದ ಕೆಲಸ ಅದು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ತಪ್ಪಿರುವುದು ಅದನ್ನು ಘಟ್ಟದ ಒಂದು ಕಣಿವೆಗೆ ಅನ್ವಯಿಸುವವರಲ್ಲಿ. ಅಂಥ ಮಾದರಿಯ ಒಂದು ಚೌಕ ಸುಮಾರು 50 ಕಿ.ಮೀ. ಅಗಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ನೇರ ದೂರ ಸುಮಾರು 70 ಕಿ.ಮೀ., ಅಷ್ಟರೊಳಗೆ ಮಳೆ 7,000 ಮಿ.ಮೀ. ಆಸುಪಾಸಿನಿಂದ 1,000ಕ್ಕೂ ಕೆಳಗೆ ಇಳಿಯುತ್ತದೆ. ಧೂಪದ ಕಾಡು, ಮತ್ತಿ-ನಂದಿಯ ಕಾಡು, ಕುರುಚಲು ಎಲ್ಲವೂ ಸರಾಸರಿಯಲ್ಲಿ ಕರಗಿಹೋಗುತ್ತವೆ. ಬಿ.ಆರ್. ರಮೇಶ್ ಮತ್ತು ಸಂಗಡಿಗರು ಮಧ್ಯ ಪಶ್ಚಿಮಘಟ್ಟದ 96 ಕಡೆ ಅಳೆದು 2010ರಲ್ಲಿ ಮುಕ್ತವಾಗಿ ಪ್ರಕಟಿಸಿದ ದತ್ತಾಂಶವಿದೆ. ಅದೇ ಜಾಗಗಳಿಗೆ ಮತ್ತೆ ಹೋಗಿ ಅಳೆದರೆ ಮಳೆ ಬದಲಾದ ಕಡೆ ಏನಾಯಿತು, ಜನ ಬಳಸಿದ ಕಡೆ ಏನಾಯಿತು ಎಂದು ಬೇರೆಬೇರೆಯಾಗಿಯೇ ಕೇಳಬಹುದು. ಅದಕ್ಕೆ ಕಾಂಡದ ಮೇಲಿನ ತೊಗಟೆ ನೋಡಿ ಮರದ ಹೆಸರು ಹೇಳಬಲ್ಲವರು ಬೇಕು. ನಮ್ಮ ಸಸ್ಯಶಾಸ್ತ್ರ ವಿಭಾಗಗಳಲ್ಲಿ ವರ್ಗೀಕರಣ ಕಲಿಸುವವರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಅದೇ ವಿದ್ಯೆಯವರು ಬರುವುದು ಅಪರೂಪವಾಗಿದೆ.

ನಾವು, ಅಂದರೆ ನನ್ನ ತಲೆಮಾರಿನವರು, ಮರಗಳನ್ನೇ ಎಣಿಸಿದೆವು. ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲದ ಕೆಲವೇ ವಾರ ಬದುಕುವ ಪುಟ್ಟ ಗಿಡಗಳಾದ ಯುಟ್ರಿಕ್ಯುಲೇರಿಯಾ, ಎರಿಯೊಕಾಲನ್‌ಗಳ ಮೇಲೆ ಮುಂಗಾರು ತಡವಾದರೆ ಏನಾಗುತ್ತದೆಂದು ಹೇಳಬಲ್ಲ ದೀರ್ಘ ದಾಖಲೆ ನಮ್ಮಲ್ಲಿಲ್ಲ. ಕಾಗದಪತ್ರಗಳಲ್ಲಿ ಆ ನೆಲ ಬಂಜರು. 1980ರ ದಶಕದಿಂದ ಅಲ್ಲಿಯೂ ಮಲೆನಾಡಿನ ಬ್ಯಾಣಗಳೆಂಬ ಹುಲ್ಲುಗಾವಲುಗಳಲ್ಲಿಯೂ ಅಕೇಶಿಯ ನೆಡುತ್ತ ಬಂದೆವು. ಇಂದು ಇಂಗಾಲ ಹೀರಿಕೊಳ್ಳಲೆಂದು ಮತ್ತದೇ ನೆಲವನ್ನು ಮರ ನೆಡಲು ಗುರುತಿಸಲಾಗುತ್ತಿದೆ. ಹವಾಮಾನವನ್ನು ಉಳಿಸುವ ಹೆಸರಲ್ಲಿ ತೋಡುವ ಆ ಗುಂಡಿಗಳಲ್ಲಿ ಎಷ್ಟು ಬಗೆಯ ಹುಲ್ಲು, ಎಷ್ಟು ಬಗೆಯ ಗೆಡ್ಡೆ ಮುಗಿಯುತ್ತಿದೆ ಎಂಬ ಲೆಕ್ಕವನ್ನು, ಗುಂಡಿ ತೋಡುವ ಮೊದಲೇ, ಒಂದು ಮಳೆಗಾಲ ಪೂರ್ತಿ ಅಲ್ಲಿ ನಡೆದು ಬರೆದಿಡಬೇಕೆಂಬ ನಿಯಮ ಬೇಕು.