ಸುಣ್ಣ

ಸಂಸ್ಕೃತದ ‘ಚೂರ್ಣ’ ಪ್ರಾಕೃತದಲ್ಲಿ ‘ಚುಣ್ಣ’ವಾಗಿ, ಕನ್ನಡದಲ್ಲಿ ‘ಸುಣ್ಣ’ವಾಯಿತು. ಮೂಲದ ಅರ್ಥ ಬರೀ ಪುಡಿ. ನಾವು ಅದನ್ನು ಗೋಡೆಗೆ ಬಳಿದೆವು, ವೀಳ್ಯದೆಲೆಗೆ ಸವರಿದೆವು, ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂದು ಗಾದೆಗೂ ತಂದೆವು.

ಕರಾವಳಿಯವರು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಆ ಸುಡುವಿಕೆಯೇ ಈಗ ಪ್ರಯೋಗಾಲಯ ಹೊಕ್ಕಿದೆ. ತಿಂದು ಬಿಸುಟ ಚಿಪ್ಪಿನಲ್ಲಿರುವುದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದು ಸುಟ್ಟಸುಣ್ಣ. ನೀರು ಬೆರೆತರೆ ಅರಳಿದ ಸುಣ್ಣ. ಅದಕ್ಕೆ ಫಾಸ್ಫಾರಿಕ್ ಆಮ್ಲವನ್ನು ಹದವರಿತು ಹನಿಸಿದರೆ ಹೈಡ್ರಾಕ್ಸಿಅಪಟೈಟ್, ನಮ್ಮ ಮೂಳೆ, ಹಲ್ಲುಗಳನ್ನು ಗಟ್ಟಿಯಾಗಿಸುವ ಖನಿಜದ ಹತ್ತಿರದ ಬಂಧು. ಮೂಳೆಯಲ್ಲಿ ಬಿದ್ದ ಕುಳಿ ತುಂಬಲು ವೈದ್ಯರು ಬಳಸುವುದು ಇಂಥ ವಸ್ತುವನ್ನೇ. ಕ್ಯಾಲ್ಸಿಯಂ, ಫಾಸ್ಫರಸ್ ಪರಮಾಣುಗಳ ಅನುಪಾತ 1.67 ಇರಬೇಕು, ನನಗನ್ನಿಸುವಂತೆ ಇಡೀ ಕೆಲಸದ ಕೈಚಳಕ ಇರುವುದು ಅಲ್ಲೇ.