ಗೀಸರಿನ ಸದ್ದು

ಗೀಸರಿನ ಸದ್ದು ಎಂದರೆ, ನೀರನ್ನು ಕಾಯಿಸಿ ಶೇಖರಿಸಿಡುವ ಗೃಹಬಳಕೆಯ ವಿದ್ಯುತ್ ಉಪಕರಣವು ಕೆಲಸ ಮಾಡುವಾಗ ಕೇಳಿಬರುವ ಚಟಪಟ, ಗುಳುಗುಳು, ಗುಂಯ್ ಮುಂತಾದ ಶಬ್ದಗಳು. ಇವುಗಳಲ್ಲಿ ಕೆಲವು ಸಹಜವಾದವು. ಕೆಲವು ಒಳಗಿನ ದೋಷದ ಸೂಚನೆಗಳು. ಗಡಸು ನೀರಿನಿಂದಾಗಿ ತೊಟ್ಟಿಯೊಳಗೆ ಕಟ್ಟಿಕೊಳ್ಳುವ ಸುಣ್ಣದ ಪೊರೆಯು ಸದ್ದಿಗೆ ಅತಿ ಸಾಮಾನ್ಯ ಕಾರಣವಾಗಿದೆ.

ಹೆಸರು

‘ಗೀಸರ್’ ಪದದ ಮೂಲ ಐಸ್‌ಲೆಂಡಿನ ‘ಗೇಸಿರ್’ ಎಂಬ ಬಿಸಿನೀರಿನ ಬುಗ್ಗೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ರೂಪಿಸಿದ, ಅನಿಲದಿಂದ ನೀರು ಕಾಯಿಸುವ ಸಾಧನಕ್ಕೆ ಈ ಹೆಸರನ್ನು ಇಡಲಾಯಿತು. ಭಾರತದಲ್ಲಿ ಈಗ ವಿದ್ಯುತ್ತಿನಿಂದ ನಡೆಯುವ ಉಪಕರಣಕ್ಕೂ ಇದೇ ಹೆಸರು ರೂಢಿಯಲ್ಲಿದೆ.

ರಚನೆ

ಮನೆಗಳಲ್ಲಿ ಸಾಮಾನ್ಯವಾಗಿ 10, 15 ಅಥವಾ 25 ಲೀಟರ್ ಸಾಮರ್ಥ್ಯದ ಗೀಸರುಗಳಿರುತ್ತವೆ. ತೊಟ್ಟಿಯ ತಳಭಾಗಕ್ಕೆ ತಣ್ಣೀರು ಬರುತ್ತದೆ. ಮೇಲ್ಭಾಗದಿಂದ ಬಿಸಿನೀರು ಹೊರಹೋಗುತ್ತದೆ. ನೀರಿನಲ್ಲಿ ಮುಳುಗಿರುವ ಕಾಯಿಲ್ ಅದನ್ನು ಕಾಯಿಸುತ್ತದೆ. ನಿಗದಿತ ಉಷ್ಣತೆ ತಲುಪಿದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ. ಅದು ಕೆಟ್ಟರೆ ರಕ್ಷಣೆಗಾಗಿ ಮತ್ತೊಂದು ಕಟೌಟ್ ಇರುತ್ತದೆ. ಒತ್ತಡ ಮಿತಿಮೀರಿದಾಗ ಸುರಕ್ಷತಾ ವಾಲ್ವ್ ನೀರನ್ನು ಹೊರಬಿಡುತ್ತದೆ. ಅನೇಕ ಗೀಸರುಗಳಲ್ಲಿ ತೊಟ್ಟಿಯು ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಸರಳು ಇರುತ್ತದೆ.

ಸುಣ್ಣದ ಪೊರೆ ಮತ್ತು ಸದ್ದು

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕಾದಾಗ ಅದು ವಿಭಜನೆಗೊಂಡು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಾಯಿಲಿಗೆ ಅಂಟಿಕೊಳ್ಳುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಪೊರೆಯೂ ಇದೇ. ಉಷ್ಣತೆ ಹೆಚ್ಚಿದಂತೆಲ್ಲ ಈ ಕ್ರಿಯೆಯ ವೇಗವೂ ಹೆಚ್ಚುತ್ತದೆ.

ಪೊರೆಯ ಸಂದುಗಳಲ್ಲಿ ಸಿಕ್ಕಿಕೊಂಡ ಅಲ್ಪ ನೀರು, ತೊಟ್ಟಿಯ ಉಳಿದ ನೀರಿಗಿಂತ ಮೊದಲೇ ಕುದಿದು ಆವಿಯಾಗುತ್ತದೆ. ಆ ಗುಳ್ಳೆಗಳು ಹೊರಬಂದು ತಂಪಾದ ನೀರನ್ನು ತಾಗಿದೊಡನೆ ಕುಸಿಯುತ್ತವೆ. ಇದರಿಂದ ಚಟಪಟ ಸದ್ದು ಹುಟ್ಟುತ್ತದೆ. ಪೊರೆಯು ಶಾಖವನ್ನು ಸರಿಯಾಗಿ ಹಾಯಗೊಡುವುದಿಲ್ಲವಾದ್ದರಿಂದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುವ ಸಂಭವವಿದೆ. ಉದುರಿದ ಚಕ್ಕೆಗಳು ತಳದಲ್ಲಿ ಶೇಖರವಾಗಿ ನೀರಿಗಿರುವ ಸ್ಥಳವೂ ಕಡಿಮೆಯಾಗುತ್ತದೆ.

ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ಕೋಲಾರದಂತಹ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಈ ತೊಂದರೆ ಹೆಚ್ಚು.

ಇತರ ಸದ್ದುಗಳು

ಟಿಕ್: ಥರ್ಮೋಸ್ಟಾಟ್ ತೆರೆದು ಮುಚ್ಚುವಾಗ ಅಥವಾ ಲೋಹ ಹಿಗ್ಗಿ ಕುಗ್ಗುವಾಗ ಕೇಳಿಸುತ್ತದೆ, ಇದು ಸಹಜ.

ಗುಳುಗುಳು: ಛಾವಣಿಯ ತೊಟ್ಟಿ ಬರಿದಾಗಿ ಮತ್ತೆ ತುಂಬಿದಾಗ ಕೊಳವೆಯಲ್ಲಿ ಸಿಕ್ಕಿದ ಗಾಳಿಯಿಂದ ಉಂಟಾಗುತ್ತದೆ. ನಲ್ಲಿಯನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ನಿಲ್ಲುತ್ತದೆ.

ಧಡ್: ನಲ್ಲಿಯನ್ನು ಥಟ್ಟನೆ ಮುಚ್ಚಿದಾಗ ಹರಿಯುತ್ತಿದ್ದ ನೀರು ಕೊಳವೆಗೆ ಬಡಿಯುವ ಸದ್ದು. ಕೊಳವೆಯನ್ನು ಗೋಡೆಗೆ ಬಿಗಿಯಾಗಿ ಕೂರಿಸಿ, ನಲ್ಲಿಯನ್ನು ನಿಧಾನವಾಗಿ ಮುಚ್ಚಬೇಕು.

ಗುಂಯ್: ಕಾಯಿಲ್ ಸಡಿಲವಾಗಿ ಕಂಪಿಸುವಾಗ ಬರಬಹುದು. ವಿದ್ಯುತ್ ಸಂಪರ್ಕ ಸಡಿಲವಾಗಿದ್ದರೂ ಇಂತಹ ಸದ್ದು ಬರುವುದುಂಟು. ಸುಟ್ಟ ವಾಸನೆ ಜೊತೆಗಿದ್ದರೆ ಬಳಕೆಯನ್ನು ನಿಲ್ಲಿಸಬೇಕು.

ಕೊತಕೊತ: ನೀರು ನಿಜವಾಗಿಯೂ ಕುದಿಯುತ್ತಿದೆ, ಅಂದರೆ ಥರ್ಮೋಸ್ಟಾಟ್ ಮತ್ತು ಕಟೌಟ್ ಎರಡೂ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು. ನಲ್ಲಿಯಿಂದ ಹಬೆ ಬರುವುದೂ ಇದರ ಲಕ್ಷಣ. ಕೂಡಲೇ ವಿದ್ಯುತ್ತನ್ನು ಕಡಿದು, ನಲ್ಲಿ ತೆರೆಯದೆ, ಪೂರ್ತಿ ತಣಿಯಲು ಬಿಡಬೇಕು. ಈ ಸ್ಥಿತಿಯಲ್ಲಿ ಸುರಕ್ಷತಾ ವಾಲ್ವ್ ಕಟ್ಟಿಕೊಂಡಿದ್ದರೆ ತೊಟ್ಟಿ ಸಿಡಿಯುವ ಅಪಾಯವಿದೆ.

ಪರಿಹಾರ

ಪೊರೆ ತೆಗೆಯುವ ಕೆಲಸವನ್ನು ಅನುಭವವುಳ್ಳ ಎಲೆಕ್ಟ್ರಿಷಿಯನ್ನರಿಂದ ಮಾಡಿಸುವುದು ಕ್ಷೇಮಕರ. ಅದರ ಕ್ರಮ ಹೀಗಿದೆ:

1. ಮುಖ್ಯ ಸ್ವಿಚ್ಚಿನಲ್ಲಿಯೇ ವಿದ್ಯುತ್ತನ್ನು ಕಡಿದು, ನೀರು ತಣಿಯಲು ಬಿಡುವುದು.
2. ತಣ್ಣೀರಿನ ವಾಲ್ವ್ ಮುಚ್ಚಿ ತೊಟ್ಟಿಯನ್ನು ಬರಿದುಮಾಡುವುದು.
3. ಕಾಯಿಲನ್ನು ಹೊರತೆಗೆದು, ಸಿಟ್ರಿಕ್ ಆಮ್ಲದ ದುರ್ಬಲ ದ್ರಾವಣ ಅಥವಾ ವಿನೆಗರ್‌ನಲ್ಲಿ ನೆನೆಸಿ ಪೊರೆಯನ್ನು ಬಿಡಿಸುವುದು. ಬಚ್ಚಲು ತೊಳೆಯುವ ಪ್ರಬಲ ಆ್ಯಸಿಡ್ ಲೋಹವನ್ನು ಕೊರೆಯುವುದರಿಂದ ಅದನ್ನು ಬಳಸಬಾರದು.
4. ತೊಟ್ಟಿಯ ತಳದ ಚಕ್ಕೆಗಳನ್ನು ತೊಳೆದು ತೆಗೆಯುವುದು. ಮೆಗ್ನೀಸಿಯಂ ಸರಳು ಸವೆದಿದ್ದರೆ ಬದಲಿಸುವುದು.
5. ಹೊಸ ವಾಷರ್ ಹಾಕಿ ಜೋಡಿಸಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುವವರೆಗೂ ತುಂಬಿಸುವುದು. ಇದಾದ ನಂತರವೇ ವಿದ್ಯುತ್ ಕೊಡಬೇಕು; ನೀರಿಲ್ಲದೆ ಕಾದ ಕಾಯಿಲ್ ಸುಟ್ಟುಹೋಗುತ್ತದೆ.

ಮುನ್ನೆಚ್ಚರಿಕೆ

ಥರ್ಮೋಸ್ಟಾಟನ್ನು 50ರಿಂದ 60 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇಟ್ಟರೆ ಪೊರೆ ಕಟ್ಟುವುದು ನಿಧಾನವಾಗುತ್ತದೆ. ಗಡಸು ನೀರಿರುವೆಡೆ ವರ್ಷಕ್ಕೊಮ್ಮೆ ಶುಚಿಗೊಳಿಸುವುದು ಒಳ್ಳೆಯದು. ಸುರಕ್ಷತಾ ವಾಲ್ವಿನಿಂದ ಆಗಾಗ ಕೆಲವು ಹನಿ ನೀರು ಬೀಳುವುದು ದೋಷವಲ್ಲ. ಅದನ್ನು ನಿಲ್ಲಿಸಲೆಂದು ವಾಲ್ವಿನ ಬಾಯಿಯನ್ನು ಎಂದಿಗೂ ಮುಚ್ಚಬಾರದು. ಅರ್ಥಿಂಗ್ ಸರಿಯಾಗಿರುವುದನ್ನೂ ಪರೀಕ್ಷಿಸಿಕೊಳ್ಳಬೇಕು.